ಮನೆತನ ನೋಡಿ ಕಾರು ತನ್ನಿ

ವಾಹನ ವಿಮೆ ರಿನ್ಯೂ ಮಾಡಿಸೋ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ನಿಮ್ಮಿಂದ ಬಂದ ಪತ್ರಗಳಲ್ಲಿ ವಿಮೆಯ ವಿಷಯ ಇದ್ದದ್ದು ನಾಲ್ಕೋ ಐದೋ. ಉಳಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಮೇಡಂ, ಕೈಯಲ್ಲಿ ಮೂರೂವರೆ ಲಕ್ಷ ಇದೆ, ಯಾವ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋಣ?" ಕೆಲವರದು ನಾಲ್ಕು ಲಕ್ಷ. ತಿಪಟೂರಿನ ಒಬ್ಬರು ಎರಡು ಲಕ್ಷದ ಇಪ್ಪತ್ತು ಸಾವಿರ ಅಂತ ಬರೆದಿದ್ದರು. ಆ ಇಪ್ಪತ್ತು ಸಾವಿರವನ್ನೂ ಬಿಡದೆ ಬರೆದಿದ್ದಾರಲ್ಲ, ಅಲ್ಲೇ ಗೊತ್ತಾಗುತ್ತೆ, ಅದು ಚೀಟಿ ಕಟ್ಟಿ ಕೂಡಿಟ್ಟ ದುಡ್ಡು. ಹೋದರೆ ಮತ್ತೆ ಕೂಡಿಸೋಕೆ ಇನ್ನೊಂದು ಐದು ವರ್ಷ ಬೇಕು.

ನನ್ನ ಉತ್ತರ ಸಾಮಾನ್ಯವಾಗಿ ಯಾರಿಗೂ ಇಷ್ಟ ಆಗೋದಿಲ್ಲ. ಕಾರಿನ ಹೆಸರು ಹೇಳೋ ಬದಲು ನಾನೇ ಪ್ರಶ್ನೆ ಕೇಳ್ತೀನಿ. ಮನೇಲಿ ಎಷ್ಟು ಜನ? ಮಂಡಿನೋವಿನವರು ಇದ್ದಾರಾ? ಮಗುವಿನ ವಯಸ್ಸೆಷ್ಟು? ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೆ? ನಿಮ್ಮೂರಲ್ಲಿ ಯಾವ ಕಂಪನಿಯ ಸರ್ವೀಸ್ ಇದೆ? ಇಷ್ಟಕ್ಕೆ ಉತ್ತರ ಸಿಕ್ಕರೆ ನೂರು ಕಾರಿನ ಪಟ್ಟಿ ಐದಕ್ಕೆ ಇಳಿಯುತ್ತೆ. ಆ ಐದರಲ್ಲಿ ಯಾವುದು ಅನ್ನೋದನ್ನು ಕಾರು ಹೇಳೋದಿಲ್ಲ, ಅದು ಇಷ್ಟು ದಿನ ಯಾರ ಮನೇಲಿತ್ತು ಅನ್ನೋದು ಹೇಳುತ್ತೆ. ನಮ್ಮ ಹಿರಿಯರು ಹೆಣ್ಣು-ಗಂಡು ನೋಡೋವಾಗ ಮುಖಕ್ಕಿಂತ ಮೊದಲು ಮನೆತನ ವಿಚಾರಿಸುತ್ತಿದ್ದರು. ಮನುಷ್ಯರ ವಿಷಯದಲ್ಲಿ ಅದು ಎಷ್ಟು ಸರಿಯೋ ಗೊತ್ತಿಲ್ಲ, ಹಳೇ ಕಾರಿನ ವಿಷಯದಲ್ಲಿ ಮಾತ್ರ ಪೂರ್ತಿ ಸರಿ.

ಒಂದು ವಿಮಾ ಕಚೇರಿಯ ಮೋಟಾರು ಕ್ಲೇಮು ವಿಭಾಗದಲ್ಲಿ ನಾನು ಇಪ್ಪತ್ತೆರಡು ವರ್ಷ ಕೂತಿದ್ದೆ. ಕಾರುಗಳು ಹೇಗೆ ಹಾಳಾಗುತ್ತವೆ, ಹಾಳಾದ ಮೇಲೆ ಹೇಗೆ ಮತ್ತೆ ಹೊಸದರಂತೆ ಹೊಳೆಯುತ್ತವೆ ಅನ್ನೋದನ್ನು ಫೈಲುಗಳಲ್ಲೇ ನೋಡಿದವಳು. ಅದಕ್ಕೇ ಈ ವರ್ಷ ಹಾಸನದಲ್ಲಿರುವ ನನ್ನ ಅಕ್ಕನ ಮಗಳು ಫೋನ್ ಮಾಡಿ "ಚಿಕ್ಕಮ್ಮ, ಕಾರು ನೋಡ್ತಿದ್ದೀವಿ, ನೀವೂ ಬನ್ನಿ" ಅಂದಾಗ ಖುಷಿಯಿಂದಲೇ ಹೋದೆ. ಅವಳ ಕತೆ ನಿಮ್ಮಲ್ಲಿ ಬಹಳ ಜನರ ಕತೆ. ಗಂಡ ಪ್ರೌಢಶಾಲೆ ಮೇಷ್ಟ್ರು, ಇವಳು ಲ್ಯಾಬ್ ಟೆಕ್ನಿಷಿಯನ್. ಯುಕೆಜಿ ಓದೋ ಮಗ, ಮಂಡಿನೋವಿನ ಮಾವ. ಕೈಯಲ್ಲಿರೋದು ನಾಲ್ಕು ಲಕ್ಷ. ಸ್ಕೂಟರಿನಲ್ಲಿ ಮಗುವನ್ನು ಮಧ್ಯೆ ಕೂರಿಸಿಕೊಂಡು ಸಕಲೇಶಪುರದ ಕಡೆಯ ಊರಿಗೆ ಮಳೇಲಿ ಹೋಗಿ ಬಂದು ಇಬ್ಬರಿಗೂ ಸಾಕಾಗಿತ್ತು.

ಅಳಿಯಂದಿರ ಮನಸ್ಸು ಮಾತ್ರ ಆಗಲೇ ಒಂದು ಕಡೆ ನಿಂತುಬಿಟ್ಟಿತ್ತು. 2014ರ ಡೀಸೆಲ್ ಎಸ್‌ಯುವಿ, ಎತ್ತರದ ಗಾಡಿ, ಬೆಲೆ ಮೂರು ಲಕ್ಷದ ತೊಂಬತ್ತು ಸಾವಿರ. "ಚಿಕ್ಕಮ್ಮ, ಇಷ್ಟು ದೊಡ್ಡ ಗಾಡಿ ಇದೇ ದುಡ್ಡಿಗೆ ಸಿಗೋವಾಗ ಸಣ್ಣ ಕಾರು ಯಾಕೆ? ಡೀಸೆಲ್ ಬೇರೆ, ಖರ್ಚು ಕಮ್ಮಿ" ಅಂದರು. ನಾನು ಕಾಗದ ತರಿಸಿದೆ.

ಶಾಲೆ, ಆಸ್ಪತ್ರೆ, ತಿಂಗಳಿಗೊಮ್ಮೆ ಊರು, ವರ್ಷಕ್ಕೊಮ್ಮೆ ಧರ್ಮಸ್ಥಳ. ಎಷ್ಟು ಎಳೆದರೂ ವರ್ಷಕ್ಕೆ 8,000 ಕಿಲೋಮೀಟರ್ ದಾಟಲಿಲ್ಲ. ಪೆಟ್ರೋಲ್ ಕಾರು ಲೀಟರಿಗೆ 18 ಕೊಡುತ್ತೆ, ಡೀಸೆಲ್ ಕಾರು 22 ಕೊಡುತ್ತೆ ಅಂತಿಟ್ಟುಕೊಳ್ಳಿ. ಪೆಟ್ರೋಲ್ 103 ರೂಪಾಯಿ, ಡೀಸೆಲ್ 91 ಅಂತ ಹಿಡಿದರೆ ಒಂದಕ್ಕೆ ವರ್ಷಕ್ಕೆ ಸುಮಾರು 45,800, ಇನ್ನೊಂದಕ್ಕೆ 33,100. ಉಳಿತಾಯ ತಿಂಗಳಿಗೆ ಸಾವಿರದ ಚಿಲ್ಲರೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರೋ ಟರ್ಬೋನೋ ಒಂದು ಸಲ ಕೈಕೊಟ್ಟರೆ ಎರಡು ಮೂರು ವರ್ಷದ ಈ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗುತ್ತೆ. ಹಾಗಂತ 2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ತಗೊಂಡರೆ ಬೇರೆ ತಲೆನೋವು. ಅದರ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ಆ ಮಸಿ ಉರಿದುಹೋಗಬೇಕಾದರೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಬೇಕು. ದಿನಾ ಮೂರು ಕಿಲೋಮೀಟರ್ ಶಾಲೆಗೆ ಹೋಗಿ ಬರೋ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತೆ. ವರ್ಷಕ್ಕೆ ಹದಿನೈದು ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿಸೋರಿಗೆ ಡೀಸೆಲ್ ಸರಿ. ಮೇಷ್ಟ್ರ ಮನೆಗೆ ಪೆಟ್ರೋಲ್.

ಲೆಕ್ಕಕ್ಕೆ ಅಳಿಯಂದಿರು ಬಗ್ಗಿದರು. ಮುಖ ಮಾತ್ರ ಸ್ವಲ್ಪ ಹೊತ್ತು ಸಣ್ಣದಾಗಿತ್ತು. ಎತ್ತರದ ಗಾಡಿಯ ಆಸೆ ಅಷ್ಟು ಸುಲಭಕ್ಕೆ ಹೋಗೋದಲ್ಲ ಬಿಡಿ.

ಇನ್ನು ಕಾರಿನ ವಯಸ್ಸು. ವಿಮೆಯವರು ಕಾರಿನ ಬೆಲೆ ಕಟ್ಟೋವಾಗ ಮೂರರಿಂದ ನಾಲ್ಕು ವರ್ಷದ ಗಾಡಿಗೆ ಶೇಕಡಾ 40, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇಕಡಾ 50 ಸವಕಳಿ ಕಳೀತಾರೆ. ಮಾರುಕಟ್ಟೆ ಬೆಲೆ ಇದೇ ಅಳತೆಯಲ್ಲಿ ಇಳಿಯೋದಿಲ್ಲ, ಮಾರುತಿಯಂಥವು ನಿಧಾನಕ್ಕೆ ಇಳೀತವೆ. ಆದರೂ ಮೊದಲ ಐದು ವರ್ಷದ ದೊಡ್ಡ ನಷ್ಟವನ್ನು ಯಾರೋ ಮೊದಲನೆಯವರು ಹೊತ್ತಿರುತ್ತಾರೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಇರುತ್ತೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. ಹಾಗಾಗಿ ಐದರಿಂದ ಏಳು ವರ್ಷದ ಕಾರು ತಗೊಂಡು, ಎಂಟು ವರ್ಷ ಓಡಿಸಿ ಬಿಡೋದು ಸಣ್ಣ ಸಂಸಾರಕ್ಕೆ ಹೊಂದುವ ಲೆಕ್ಕ ಅಂತ ನನ್ನ ಅಭಿಪ್ರಾಯ.

ವಯಸ್ಸಿನ ಜೊತೆ ಇನ್ನೊಂದು ತಾರೀಖು ನೆನಪಿಡಿ, 2019ರ ಜುಲೈ 1. ಅವತ್ತಿನಿಂದ ಎಲ್ಲ ಹೊಸ ಕಾರುಗಳಿಗೂ ಡ್ರೈವರ್ ಕಡೆ ಏರ್‌ಬ್ಯಾಗ್, ಸೀಟ್ ಬೆಲ್ಟ್ ನೆನಪಿಸೋ ಸದ್ದು, ರಿವರ್ಸ್ ಸೆನ್ಸರ್ ಕಡ್ಡಾಯ ಆಯ್ತು. ಜಾರೋ ರಸ್ತೆಯಲ್ಲಿ ಚಕ್ರ ಲಾಕ್ ಆಗದಂತೆ ತಡೆಯೋ ಎಬಿಎಸ್ ಅದೇ ವರ್ಷದ ಏಪ್ರಿಲ್‌ನಲ್ಲೇ ಬಂದಿತ್ತು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಕಡ್ಡಾಯ ಆದದ್ದು 2021ರ ಕೊನೆಗೆ. ಅದಕ್ಕಿಂತ ಹಳೆಯ ಎಷ್ಟೋ ಕಾರುಗಳಲ್ಲಿ ಇವೆಲ್ಲ ಮೇಲಿನ ಮಾಡೆಲ್ಲಿಗೆ ಮಾತ್ರ ಇರುತ್ತಿದ್ದವು. "ಟಾಪ್ ಎಂಡ್" ಅಂದ ತಕ್ಷಣ ಮ್ಯೂಸಿಕ್ ಸಿಸ್ಟಂ ನೋಡೋ ಬದಲು ಏರ್‌ಬ್ಯಾಗ್ ಎಷ್ಟು ಅಂತ ಕೇಳಿ.

ಹಾಸನದಂಥ ಊರಿಗೆ ನಮ್ಮ ಪಟ್ಟಿಗೆ ಬಂದವು ವ್ಯಾಗನಾರ್, ಸ್ವಿಫ್ಟ್, ಗ್ರ್ಯಾಂಡ್ ಐ10, ಟಿಯಾಗೋ, ಎಟಿಯೋಸ್ ಲಿವಾ. ವ್ಯಾಗನಾರ್ ವಯಸ್ಸಾದವರಿಗೆ ಹೇಳಿ ಮಾಡಿಸಿದ ಗಾಡಿ. ಬಗ್ಗೋದೂ ಬೇಡ, ಹತ್ತೋದೂ ಬೇಡ, ಕುರ್ಚಿ ಮೇಲೆ ಕೂತಂತೆ ಕೂರಬಹುದು. ಹೋಬಳಿ ಮಟ್ಟದ ಗ್ಯಾರೇಜಿನಲ್ಲೂ ಅದರ ಸಾಮಾನು ಸಿಗುತ್ತೆ. ಆದರೆ 2019ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡಿದಾಗ ಅದಕ್ಕೆ ಸಿಕ್ಕಿದ್ದು ಎರಡು ನಕ್ಷತ್ರ. 2018ರ ಸ್ವಿಫ್ಟಿಗೂ ಎರಡೇ. 2020ರಲ್ಲಿ ಟಿಯಾಗೋಗೆ ನಾಲ್ಕು, 2016ರಲ್ಲಿ ಎಟಿಯೋಸ್ ಲಿವಾಗೆ ನಾಲ್ಕು. ಲಿವಾ ನಮ್ಮ ಬಿಡದಿಯಲ್ಲೇ ತಯಾರಾಗುತ್ತಿದ್ದ ಗಾಡಿ, ಒಳಗೆ ಸೊಗಸಿಲ್ಲದಿದ್ದರೂ ಗಟ್ಟಿ. 2020ರಲ್ಲಿ ತಯಾರಿಕೆ ನಿಂತಿದ್ದರಿಂದ ಒಳ್ಳೇದು ಸಿಗೋದು ಕಮ್ಮಿ. ಇಂಡಿಯಾದಲ್ಲಿ ಮಾರಾಟವನ್ನೇ ನಿಲ್ಲಿಸಿದ ಷೆವರ್ಲೆ, ದಟ್ಸನ್, ಫೋರ್ಡ್‌ಗಳು ಬಹಳ ಅಗ್ಗಕ್ಕೆ ಬರುತ್ತವೆ. ಓಡಿಸೋಕೆ ಫೋರ್ಡ್ ಚೆನ್ನಾಗಿಯೇ ಇರುತ್ತೆ. ಬೆಂಗಳೂರು, ಮೈಸೂರಿನಲ್ಲಿದ್ದು ಪಕ್ಕಾ ಮೆಕ್ಯಾನಿಕ್ ಗೊತ್ತಿದ್ದವರು ಬೇಕಾದರೆ ತಗೊಳ್ಳಲಿ. ಒಂದು ಸೈಡ್ ಮಿರರ್‌ಗೆ ಹದಿನೈದು ದಿನ ಕಾಯೋ ತಾಳ್ಮೆ ಸಣ್ಣೂರಿನ ಸಂಸಾರಕ್ಕೆ ಇರೋದಿಲ್ಲ.

ನಾಲ್ಕು ಲಕ್ಷ ಇದ್ದರೆ ಮೂರು ಲಕ್ಷದ ಅರವತ್ತು ಎಪ್ಪತ್ತಕ್ಕಿಂತ ಮೇಲಿನ ಕಾರನ್ನು ನೋಡಲೇಬೇಡಿ ಅಂತ ಅಕ್ಕನ ಮಗಳಿಗೆ ಹೇಳಿದ್ದೆ. ಟೈರು ನಾಲ್ಕಕ್ಕೆ ಹದಿನೈದು ಸಾವಿರ, ಬ್ಯಾಟರಿಗೆ ಐದು ಸಾವಿರ, ವಿಮೆ, ಹೆಸರು ಬದಲಾವಣೆ, ಮೊದಲ ಸರ್ವೀಸು. ಒಳ್ಳೆ ಕಾರಿಗೂ ಮೊದಲ ಎರಡು ತಿಂಗಳಲ್ಲಿ ಮೂವತ್ತು ಸಾವಿರ ಹೋಗುತ್ತೆ. ಚೌಕಾಸಿಗೆ ಮೊದಲು ಹೊಸ ಕಾರಿನ ಇವತ್ತಿನ ಬೆಲೆಯನ್ನೂ ವಿಚಾರಿಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಮಾರೋರು ಎಷ್ಟೋ ಜನ ಇನ್ನೂ ಅದಕ್ಕೆ ಮೊದಲಿನ ಬೆಲೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾತಾಡ್ತಾರೆ.

ನಾವು ನೋಡಿದ ಮೊದಲ ಕಾರು ಒಬ್ಬ ಬ್ರೋಕರ್ ಯಾರ್ಡಿನಲ್ಲಿತ್ತು. ಕೆಂಪು ಬಣ್ಣ, ಮುಖ ನೋಡಿಕೊಳ್ಳೋ ಹಾಗೆ ಹೊಳೀತಿತ್ತು. 2016ರ ಗಾಡಿ, 38,000 ಕಿಲೋಮೀಟರ್, ಒಬ್ಬರೇ ಓನರ್, ಡಾಕ್ಟರ್ ಓಡಿಸಿದ್ದು ಅಂದರು. (ಮಾರೋ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರ್ತಾರೆ, ಅದು ಹೇಗೋ.) ಅಕ್ಕನ ಮಗಳ ಕಣ್ಣು ಅದರ ಮೇಲೆಯೇ. ನಾನು ಮೊಬೈಲಿನಲ್ಲಿ ಎಂಪರಿವಾಹನ್ ತೆಗೆದು ನಂಬರ್ ಹಾಕಿದೆ. ಎಷ್ಟನೇ ಮಾಲೀಕರು, ನೋಂದಣಿ ದಿನ, ವಿಮೆ ಎಲ್ಲಿಯವರೆಗೆ, ಸಾಲ ಇದೆಯಾ ಅನ್ನೋದೆಲ್ಲ ಅಲ್ಲಿ ಬರುತ್ತೆ. ಅಲ್ಲಿ ಅವರು ಮೂರನೇ ಓನರ್. ಬ್ರೋಕರ್ ಹೇಳಿದ್ದು, "ಅದು ಮೇಡಂ, ಮನೆಯೊಳಗೇ ಟ್ರಾನ್ಸ್‌ಫರ್ ಆಗಿರೋದು." ಆಗಿರಬಹುದು. ಮುಂದೆ ನೋಡೋಣ ಅಂದೆ.

ಕೀ ತಿರುಗಿಸಿದಾಗ ಮೀಟರಿನಲ್ಲಿ ಏನೇನು ದೀಪ ಹತ್ತುತ್ತೆ ಅಂತ ಯಾರೂ ನೋಡೋದಿಲ್ಲ. ನೀವು ನೋಡಿ. ಎಂಜಿನ್ ಸ್ಟಾರ್ಟ್ ಮಾಡೋ ಮೊದಲು ಕೀ ಆನ್ ಮಾಡಿ ಸುಮ್ಮನೆ ಇರಿ. ಏರ್‌ಬ್ಯಾಗಿನ ಕೆಂಪು ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದೆ ಉಳಿದರೆ ತೊಂದರೆ ಇದೆ. ಹತ್ತಲೇ ಇಲ್ಲ ಅಂದರೆ ಅದಕ್ಕಿಂತ ದೊಡ್ಡ ತೊಂದರೆ. ಅಪಘಾತದಲ್ಲಿ ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಮತ್ತೆ ಹಾಕಿಸೋದು ದುಬಾರಿ. ಕೆಲವು ಕಡೆ ಬರೀ ಮುಚ್ಚಳ ಅಂಟಿಸಿ, ದೀಪದ ಸಂಪರ್ಕ ತೆಗೆದು ಬಿಡ್ತಾರೆ. ಆ ಕೆಂಪು ಕಾರಿನಲ್ಲಿ ಬೇರೆಲ್ಲ ದೀಪ ಹತ್ತಿದವು. ಏರ್‌ಬ್ಯಾಗಿನದು ಹತ್ತಲಿಲ್ಲ. ಮೂರು ಸಲ ತಿರುಗಿಸಿದೆ. ಅದೇ ಸೀಟಿನಲ್ಲಿ ಮಗನನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದ ಅಕ್ಕನ ಮಗಳು ಮೆಲ್ಲಗೆ ಎದ್ದು ಕೆಳಗಿಳಿದಳು.

ಮಾರನೇ ದಿನ ಆ ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಿದಾಗ ಉಳಿದದ್ದೂ ಹೊರಬಿತ್ತು. 2021ರಲ್ಲೇ ಆ ಗಾಡಿ 72,000 ಓಡಿತ್ತು. ಮೀಟರ್ ಹಿಂದಕ್ಕೆ ಹೋಗಿತ್ತು. ಸರ್ವೀಸ್ ಚರಿತ್ರೆ ತೆಗೆಸೋಕೆ ಮಾಲೀಕರ ಒಪ್ಪಿಗೆ ಕೇಳ್ತಾರೆ. ಒಪ್ಪಿಗೆ ಕೊಡೋಕೆ ಹಿಂದೆಮುಂದೆ ನೋಡೋರ ಕಾರು ನಿಮಗೆ ಬೇಡ. ಮೀಟರನ್ನು ಯಾರು ಬೇಕಾದರೂ ತಿದ್ದಬಹುದು, ಸವೆದ ಬ್ರೇಕ್ ಪೆಡಲಿನ ರಬ್ಬರು, ನುಣ್ಣಗಾದ ಸ್ಟಿಯರಿಂಗು, ಕುಸಿದ ಡ್ರೈವರ್ ಸೀಟನ್ನು ತಿದ್ದೋದು ಕಷ್ಟ. ಅವನ್ನೂ ಬದಲಾಯಿಸಿದ್ದರೆ, ನಲವತ್ತು ಸಾವಿರ ಕಿಲೋಮೀಟರಿಗೆ ಯಾಕೆ ಬದಲಾಯಿಸಿದಿರಿ ಅಂತ ಕೇಳಿ.

ಇಲ್ಲಿ ನನ್ನ ಹಳೇ ಕಚೇರಿಯ ಒಂದು ಮಾತು. ಕಾರು ರಿಪೇರಿ ಖರ್ಚು ವಿಮೆಯಲ್ಲಿ ಬರೆದ ಬೆಲೆಯ ಶೇಕಡಾ 75 ದಾಟಿದರೆ ಅದನ್ನು ಪೂರ್ತಿ ನಷ್ಟ ಅಂತ ಲೆಕ್ಕ ಹಾಕಿ ಮಾಲೀಕರಿಗೆ ದುಡ್ಡು ಕೊಡ್ತಾರೆ. ಕಾರು ಎಲ್ಲಿಗೆ ಹೋಗುತ್ತೆ? ಗುಜರಿ ವ್ಯಾಪಾರಿ ಎತ್ತಿಕೊಳ್ತಾನೆ. ಎಲ್ಲವೂ ಗುಜರಿ ಆಗೋದಿಲ್ಲ. ಕೆಲವು ಟಿಂಕರಿಂಗ್, ಪೇಂಟಿಂಗ್ ಆಗಿ ಬೇರೆ ಊರಿನಲ್ಲಿ ಮತ್ತೆ ರಸ್ತೆಗೆ ಬರುತ್ತವೆ. 2015ರ ಚೆನ್ನೈ ನೆರೆ, 2018ರ ಕೇರಳದ ನೆರೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ನೀರು ನುಗ್ಗಿದ್ದು, ಇಂಥ ಪ್ರತಿ ಮಳೆಯ ನಂತರವೂ ಮುಳುಗಿದ ಕಾರುಗಳು ಹೀಗೆ ಊರು ಬಿಡುತ್ತವೆ. ಕಂಡುಹಿಡಿಯೋದು ಹೆಂಗಸರಿಗೆ ಸುಲಭ ಅಂತ ನಾನು ಯಾವಾಗಲೂ ಹೇಳ್ತೀನಿ, ಯಾಕಂದ್ರೆ ಒದ್ದೆ ಬಟ್ಟೆ ಮುಗ್ಗಿದ ವಾಸನೆ ನಮಗೆ ತಕ್ಷಣ ಗೊತ್ತಾಗುತ್ತೆ. ಎಸಿ ಹಾಕಿಸಿ ಮೂಗು ಇಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗಿನ ಭಾಗದಲ್ಲಿ ನೀರಿನ ಕಲೆ, ಮಣ್ಣಿನ ಗೆರೆ ಕಾಣಿಸುತ್ತೆ. ಸೀಟಿನ ಕೆಳಗಿನ ಕಂಬಿಗೆ ತುಕ್ಕು ಹಿಡಿದಿದೆಯಾ, ಸ್ಟೆಪ್ನಿ ಇಡೋ ಗುಂಡಿಯಲ್ಲಿ ಕೆಸರಿದೆಯಾ ನೋಡಿ. ಹೊರಗಡೆ ತುಕ್ಕು ಕರಾವಳಿಯ ಕಾರಿಗೆ ಸಾಮಾನ್ಯ, ಉಪ್ಪುಗಾಳಿಯ ಕೆಲಸ ಅದು. ಕೆಎ 19, ಕೆಎ 20 ನಂಬರಿನ ಗಾಡಿಯಾದರೆ ಅಡಿಭಾಗವನ್ನು ಗ್ಯಾರೇಜಿನಲ್ಲಿ ಎತ್ತಿಸಿ ನೋಡದೆ ಮುಂದುವರಿಯಬೇಡಿ.

ಕಾರಿನ ಮನೆತನ ಗೊತ್ತಾಗೋಕೆ ನಾನು ಬಳಸೋ ಇನ್ನೊಂದು ಉಪಾಯ ವಿಮೆ ಕಾಗದ. ಅದರಲ್ಲಿ ನೋ ಕ್ಲೇಮ್ ಬೋನಸ್ ಅಂತ ಒಂದು ಶೇಕಡಾ ಇರುತ್ತೆ. ಕ್ಲೇಮು ಮಾಡದ ಪ್ರತಿ ವರ್ಷಕ್ಕೂ ಅದು 20, 25, 35, 45, ಕೊನೆಗೆ 50 ಅಂತ ಏರುತ್ತೆ. ಒಂದು ಸಲ ಕ್ಲೇಮು ಆದರೆ ಮತ್ತೆ ಸೊನ್ನೆ. ಆರು ವರ್ಷದಿಂದ ಒಬ್ಬರೇ ಇಟ್ಟುಕೊಂಡ ಕಾರಿನ ಪಾಲಿಸಿಯಲ್ಲಿ 50 ಇದ್ದರೆ ದೊಡ್ಡ ಪೆಟ್ಟು ಬಿದ್ದಿಲ್ಲ ಅನ್ನೋ ಸೂಚನೆ. ಸೊನ್ನೆ ಇದ್ದರೆ ಕತೆ ಕೇಳಿ. ಮಳೆಗೆ ಮರದ ಕೊಂಬೆ ಬಿದ್ದಿರಬಹುದು, ಅದೇನು ಅಪರಾಧ ಅಲ್ಲ. ಈ ಬೋನಸ್ ಕಾರಿನದಲ್ಲ, ಮಾಲೀಕರದು. ಅವರು ಬೇರೆ ಕಾರಿಂದ ತಂದುಕೊಂಡದ್ದೂ ಇರಬಹುದು, ಆದ್ದರಿಂದ ಇದೊಂದನ್ನೇ ನಂಬಿ ಕೂರಬಾರದು. ನಿಮಗಂತೂ ಅದು ಬರೋದಿಲ್ಲ, ನಿಮ್ಮ ವಿಮೆ ಕಂತು ಸೊನ್ನೆಯಿಂದಲೇ ಶುರು.

ಕಾಗದದಲ್ಲೇ ಬಿಡಬೇಕಾದ ಕಾರುಗಳೂ ಇವೆ. ಟ್ಯಾಕ್ಸಿಯಾಗಿ ಓಡಿ, ಹಳದಿ ಬೋರ್ಡು ಬಿಳಿ ಮಾಡಿಸಿಕೊಂಡದ್ದು. ಎಟಿಯೋಸ್, ಡಿಜೈರ್‌ಗಳಲ್ಲಿ ಇದು ಜಾಸ್ತಿ. ಬ್ಯಾಂಕಿನ ಸಾಲ ತೀರಿದ್ದರೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸದೆ ಇರೋದು. ಇದಕ್ಕೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಮಾರೋರೇ ತರಬೇಕು, "ಆಮೇಲೆ ಕೊಡ್ತೀನಿ" ಅಂದರೆ ದುಡ್ಡನ್ನೂ ಆಮೇಲೆ ಕೊಡ್ತೀನಿ ಅನ್ನಿ. ಮತ್ತೆ ಡೆಲ್ಲಿ ಗಾಡಿ. 2015ರಲ್ಲಿ ಹಸಿರು ನ್ಯಾಯಮಂಡಳಿ ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ತಡೆ ಹಾಕಿದ ಮೇಲೆ ಅಲ್ಲಿಯ ಕಾರುಗಳು ದಕ್ಷಿಣಕ್ಕೆ ಅಗ್ಗಕ್ಕೆ ಹರಿದುಬಂದವು. ಇಲ್ಲಿಗೆ ತಂದ ಮೇಲೆ ಅಲ್ಲಿಯ ಆರ್‌ಟಿಒ ಎನ್‌ಒಸಿ, ಇಲ್ಲಿಯ ಜೀವಾವಧಿ ತೆರಿಗೆ, ಹೊಸ ನಂಬರು, ಇಷ್ಟೂ ಆಗಬೇಕು. ಅದನ್ನೆಲ್ಲ ಕೂಡಿದರೆ ಅಗ್ಗ ಎಲ್ಲಿ ಉಳೀತು?

ಕೊನೆಗೆ ನಮಗೆ ಹಿಡಿಸಿದ ಕಾರು ಸಿಕ್ಕಿದ್ದು ಮೈಸೂರಿನ ಒಂದು ಮನೆಯಲ್ಲಿ. ಅಳಿಯಂದಿರ ಸಹೋದ್ಯೋಗಿಯ ಕಡೆಯಿಂದ ಸುದ್ದಿ ಬಂತು. 2019ರ ಕೊನೆಯ ಟಿಯಾಗೋ ಪೆಟ್ರೋಲ್, 41,000 ಕಿಲೋಮೀಟರ್, ನಿವೃತ್ತ ಬ್ಯಾಂಕ್ ಅಧಿಕಾರಿ ಮತ್ತು ಅವರ ಮನೆಯವರು. ಮಗಳ ಜೊತೆ ಇರೋಕೆ ಪುಣೆಗೆ ಹೋಗ್ತಿದ್ದಾರೆ, ಅದಕ್ಕೆ ಮಾರಾಟ. ಯಾಕೆ ಮಾರ್ತಿದ್ದೀರಿ ಅಂತ ಕೇಳಿದಾಗ ಬರೋ ಉತ್ತರದಲ್ಲೇ ಅರ್ಧ ತೀರ್ಮಾನ ಆಗಿಹೋಗುತ್ತೆ. ಅವರು ಒಳಗಿಂದ ಒಂದು ಪ್ಲಾಸ್ಟಿಕ್ ಫೈಲ್ ತಂದರು. ಮೊದಲ ಫ್ರೀ ಸರ್ವೀಸಿನಿಂದ ಹಿಡಿದು ಬ್ಯಾಟರಿ ಬಿಲ್ಲಿನವರೆಗೆ ತಾರೀಖಿನ ಪ್ರಕಾರ ಜೋಡಿಸಿದ್ದರು. "ಎಡಗಡೆ ಹಿಂದಿನ ಬಾಗಿಲಿಗೆ ಗೇಟು ತಾಗಿಸಿದ್ದೀನಮ್ಮ, ಅದನ್ನು ಪೇಂಟ್ ಮಾಡಿಸಿದ್ದು" ಅಂತ ನಾವು ಕೇಳೋ ಮೊದಲೇ ತೋರಿಸಿದರು. ಬೋನಸ್ 50. ನನಗೆ ಅಲ್ಲೇ ಮನಸ್ಸು ನಿಂತಿತು.

ಮನಸ್ಸು ನಿಂತರೂ ನೋಡೋದನ್ನು ಬಿಡಬಾರದು. ಬೆಳಿಗ್ಗೆ ಏಳಕ್ಕೆ ಬರ್ತೀವಿ, ಗಾಡಿ ಸ್ಟಾರ್ಟ್ ಮಾಡಿ ಇಟ್ಟಿರಬೇಡಿ ಅಂತ ಹಿಂದಿನ ದಿನವೇ ಕೇಳಿಕೊಂಡಿದ್ದೆವು. ತಣ್ಣಗಿರೋ ಎಂಜಿನ್ ನಿಜ ಹೇಳುತ್ತೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡೀತಿದೆ ಅಂತ ಅರ್ಥ. ಟಿಯಾಗೋ ಮೂರು ಸಿಲಿಂಡರಿನ ಗಾಡಿ, ನಿಂತಲ್ಲಿ ಸ್ವಲ್ಪ ನಡುಗುತ್ತೆ, ಅದು ಅದರ ಸ್ವಭಾವ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 3519 ಅಂದರೆ 2019ರ 35ನೇ ವಾರ ತಯಾರಾದದ್ದು. ನಾಲ್ಕರಲ್ಲೂ ಅದೇ ಇತ್ತು, ಅಂದರೆ ಕಾರಿನ ಜೊತೆ ಬಂದ ಟೈರೇ. 41,000 ನಂಬಬಹುದು, ಆದರೆ ಟೈರು ಬದಲಾಯಿಸಲೇಬೇಕು. ಹದಿನೈದು ಸಾವಿರ ಬೆಲೆ ಇಳಿಸೋಕೆ ಅದೇ ನಮ್ಮ ಕಾರಣ ಆಯ್ತು. ಎಲ್ಲ ಗಾಜುಗಳ ಮೇಲೂ ಒಂದೇ ಕಂಪನಿಯ ಗುರುತು ಇದೆಯಾ ನೋಡಿದೆವು. ಚಾಸಿ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಓದಿ ತಾಳೆ ನೋಡಿದ್ದು ಮೇಷ್ಟ್ರು, ಉತ್ತರಪತ್ರಿಕೆ ತಿದ್ದೋ ಶ್ರದ್ಧೆಯಿಂದ. ಹಿಂದಿನ ಸೀಟಿನ ಬೆಲ್ಟುಗಳನ್ನು ಸೀಟ್ ಕವರ್ ಒಳಗೆ ಮುಚ್ಚಿಬಿಟ್ಟಿದ್ದರು, ಎಷ್ಟೋ ಮನೆಗಳಲ್ಲಿ ಹೀಗೇ ಮಾಡಿರ್ತಾರೆ. ಕವರ್ ಬಿಚ್ಚಿಸಿ ಮೂರನ್ನೂ ಹಾಕಿ ನೋಡಿದೆವು. ಮಗು ಕೂರೋದು ಅಲ್ಲೇ ತಾನೇ.

ಮಾವನವರನ್ನೂ ಹಟ ಮಾಡಿ ಕರೆದುಕೊಂಡು ಹೋಗಿದ್ದೆ. ಮುಂದಿನ ಸೀಟಿಗೆ ಮೂರು ಸಲ ಹತ್ತಿ ಇಳಿದರು. "ವ್ಯಾಗನಾರ್‌ನಷ್ಟು ಸಲೀಸಿಲ್ಲಮ್ಮ. ಸೀಟು ಹಿಂದಕ್ಕೆ ತಳ್ಳಿದರೆ ಪರವಾಗಿಲ್ಲ" ಅಂದರು. ಏರ್‌ಬ್ಯಾಗ್ ಎರಡಿದೆ ಅಂತ ಸೊಸೆ ಹೇಳಿದ್ದಕ್ಕೆ, "ಹಾಗಾದ್ರೆ ಇದೇ ಇರಲಿ, ನನ್ನ ಮಂಡಿ ಇನ್ನೆಷ್ಟು ದಿನ ನೋವು ಕೊಟ್ಟೀತು, ಮಗು ಇನ್ನೂ ಬಹಳ ದಿನ ಓಡಾಡಬೇಕು" ಅಂದರು.

ಊರಿನ ಗ್ಯಾರೇಜಿನ ಮೇಸ್ತ್ರಿಗೆ ಸಾವಿರ ರೂಪಾಯಿ ಮತ್ತು ಬಸ್ ಚಾರ್ಜ್ ಕೊಟ್ಟು ಜೊತೆಗೆ ಕರೆದೊಯ್ದಿದ್ದೆವು. ಮಾರೋರ ಪರಿಚಯದ ಮೆಕ್ಯಾನಿಕ್ ಬೇಡ, ನಿಮ್ಮವರೇ ಬೇಕು. ಅವರು ಓಡಿಸಿ ಬಂದು, "ಕ್ಲಚ್ ಇನ್ನೊಂದು ಇಪ್ಪತ್ತು ಸಾವಿರ ಕಿಲೋಮೀಟರ್ ಬರಬಹುದು ಅಕ್ಕ, ಬ್ರೇಕ್ ಪ್ಯಾಡ್ ಈಗಲೇ ಹಾಕಿಸಿ" ಅಂದರು. ನಾಲ್ಕು ಲಕ್ಷದ ಹತ್ತು ಸಾವಿರ ಕೇಳಿದ್ದು ಮೂರು ಲಕ್ಷದ ಎಪ್ಪತ್ತೈದಕ್ಕೆ ಬಂತು. ನಾನು ಹಾಕಿದ ಗೆರೆಗಿಂತ ಐದು ಸಾವಿರ ಮೇಲೆ. ಫೈಲ್ ನೋಡಿದ ಮೇಲೆ ಐದು ಸಾವಿರಕ್ಕೆ ಜಗ್ಗಾಡೋಕೆ ಮನಸ್ಸಾಗಲಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯ, ಹೆಸರು ಬದಲಾವಣೆ. ದುಡ್ಡು ಕೊಟ್ಟು ಕೀ ಇಸಿದುಕೊಂಡ ಮೇಲೆ ನಮ್ಮ ಜನ ಪೂಜೆ ಮಾಡಿಸ್ತಾರೆ, ನಿಂಬೆಹಣ್ಣು ತುಳಿಸ್ತಾರೆ, ಆರ್‌ಟಿಒ ಕೆಲಸ ಮಾತ್ರ "ಬಿಡುವಾದಾಗ" ಅಂತ ಇಡ್ತಾರೆ. ಮೋಟಾರು ವಾಹನ ಕಾಯ್ದೆ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕು. ಫಾರ್ಮ್ 29 ಮತ್ತು 30ಕ್ಕೆ ಇಬ್ಬರ ಸಹಿ ಬೇಕು. ಮಾರೋರಿಗೂ ಇದು ಅಷ್ಟೇ ಅಗತ್ಯ. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಕಾರನ್ನು ಎಷ್ಟು ಕೈ ದಾಟಿಸಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ.

ವಿಮೆಯನ್ನೂ ಹಾಗೇ 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳೋಕೆ ಅರ್ಜಿ ಕೊಡಬೇಕು. ಎದುರಿನವರಿಗೆ ಆದ ಹಾನಿಯ ವಿಮೆ ಕಾರಿನ ಜೊತೆ ತಾನಾಗೇ ಬರುತ್ತೆ. ನಿಮ್ಮ ಸ್ವಂತ ಕಾರಿನ ರಿಪೇರಿಯ ಭಾಗ ಹಾಗಲ್ಲ. ನನ್ನ ಮೇಜಿಗೆ ಬಂದ ಒಂದು ಫೈಲ್ ಇನ್ನೂ ನೆನಪಿದೆ. ಚನ್ನರಾಯಪಟ್ಟಣದ ಹತ್ತಿರ ಅಪಘಾತ, ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಕಾರು ತಗೊಂಡು ಎರಡು ತಿಂಗಳಾಗಿತ್ತು, ವಿಮೆ ಚಾಲ್ತಿಯಲ್ಲಿತ್ತು, ಕಂತು ಕಟ್ಟಿತ್ತು. ಪಾಲಿಸಿಯಲ್ಲಿ ಮಾತ್ರ ಮಾರಿದವರ ಹೆಸರು. ಮಾರಿದವರಿಗೆ ಕಾರಿಲ್ಲ, ಕಾರಿದ್ದವರಿಗೆ ಪಾಲಿಸಿ ಇಲ್ಲ. ಕ್ಲೇಮು ತಿರಸ್ಕಾರ ಆಯ್ತು. ಆ ಗಂಡ-ಹೆಂಡತಿ ನನ್ನೆದುರು ಕೂತು, "ದುಡ್ಡು ಕಟ್ಟಿದೆಯಲ್ಲ ಮೇಡಂ" ಅಂತ ಎರಡು ಮೂರು ಸಲ ಹೇಳಿದರು. ಅವರಿಗೆ ಕೊಡೋಕೆ ನಿಯಮದಲ್ಲಿ ಏನೂ ಇರಲಿಲ್ಲ.

ಅದಕ್ಕೇ ಮೈಸೂರಿನವರ ಹತ್ತಿರ ಪೂರ್ತಿ ದುಡ್ಡು ಕೊಡೋ ಮೊದಲು ಎರಡೂ ಫಾರ್ಮಿಗೆ ಸಹಿ, ಆಧಾರ್ ಪ್ರತಿ, ಆರ್‌ಸಿ, ಎರಡನೇ ಕೀ ಇಷ್ಟೂ ತಗೊಂಡೆವು. ಕಾರು ಕೈಗೆ ಬಂದ ತಾರೀಖು ಮತ್ತು ಗಂಟೆ ಬರೆದು ಇಬ್ಬರೂ ಸಹಿ ಹಾಕಿದ ಒಂದು ಕಾಗದ ಅವರಿಗೂ ಕೊಟ್ಟೆವು, ಅವತ್ತು ಬೆಳಿಗ್ಗೆವರೆಗಿನ ದಂಡ ಅವರದು, ಆಮೇಲಿನದು ನಮ್ಮದು. ನಂಬರ್ ಹಾಕಿ ನೋಡಿದಾಗ ಸಿಗ್ನಲ್ ದಾಟಿದ ಒಂದು ಐನೂರು ರೂಪಾಯಿ ದಂಡ ಬಾಕಿ ಇತ್ತು, ಅವರು ನಾಚಿಕೊಂಡೇ ಅಲ್ಲೇ ಮೊಬೈಲಿನಲ್ಲಿ ಕಟ್ಟಿದರು. ಫಾಸ್ಟ್ಯಾಗನ್ನು ಗಾಜಿನಿಂದ ಕಿತ್ತು ಅವರ ಕೈಗೇ ಕೊಟ್ಟೆವು, ಅದು ಅವರ ಖಾತೆಯದು, ಅವರು ಅದನ್ನು ಮುಚ್ಚಿಸಿದ ಮೇಲೆಯೇ ಈ ನಂಬರಿಗೆ ಹೊಸದು ಸಿಗೋದು. ಹಾಗಾಗಿ ಹಾಸನಕ್ಕೆ ವಾಪಸ್ ಬರೋವಾಗ ಟೋಲ್ ಇಲ್ಲದ ದಾರಿಯಲ್ಲಿ, ಹೊಳೆನರಸೀಪುರದ ಮೇಲೆ ಬಂದೆವು. ಮಗ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡೇ ನಿದ್ದೆ ಮಾಡಿದ್ದ.